ಆಳ ಮನೋವಿಜ್ಞಾನದಲ್ಲಿ ಪಿಎಚ್‌ಡಿ: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪ ಅಥವಾ ಅಮ್ಮ ತೀರಿಕೊಂಡ ಮೇಲೆ ಮಕ್ಕಳಿಗೆ ಬೀಳುವ ಕನಸುಗಳ ಬಗ್ಗೆ ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡಿದೆ. ಮುಗಿಸಲು ಆರು ವರ್ಷ ಹಿಡಿಯಿತು. ಆಮೇಲಿಂದ ಎಂ.ಎಸ್ಸಿ. ಮುಗಿಸಿದ ಹುಡುಗ ಹುಡುಗಿಯರು, ಕೆಲಸದಲ್ಲಿರುವವರು, ಒಬ್ಬಿಬ್ಬರು ನಿವೃತ್ತ ಮೇಷ್ಟ್ರು ಸಿಕ್ಕಾಗಲೆಲ್ಲ ಸುಮಾರು ಇವೇ ಪ್ರಶ್ನೆ ಕೇಳುತ್ತಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಬರೆದಿಟ್ಟಿದ್ದೇನೆ.

ಆಳ ಮನೋವಿಜ್ಞಾನ ಅಂದರೆ ಏನು?

ನಮ್ಮ ಅರಿವಿಗೆ ಬಾರದೆ ನಮ್ಮೊಳಗೆ ನಡೆಯುವ ಮನಸ್ಸಿನ ಕೆಲಸವನ್ನು ಗಮನಿಸುವ ಶಾಸ್ತ್ರ. ಕನಸು, ಬಾಯಿತಪ್ಪಿ ಬಂದ ಮಾತು, ಕಾರಣ ಗೊತ್ತಿಲ್ಲದ ಭಯ, ಮತ್ತೆ ಮತ್ತೆ ಅದೇ ತರಹದ ಜಗಳಕ್ಕೆ ಬೀಳುವುದು, ಇವೆಲ್ಲ ಅದರ ಸಾಮಗ್ರಿ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಗನ್ ಬ್ಲಾಯ್ಲರ್ ಈ ಹೆಸರನ್ನು ಬಳಕೆಗೆ ತಂದರು. ಸ್ಕಿಜೋಫ್ರೇನಿಯಾ ಎಂಬ ಪದ ಕೊಟ್ಟವರೂ ಅವರೇ. ಸಿಗ್ಮಂಡ್ ಫ್ರಾಯ್ಡ್, ಕಾರ್ಲ್ ಯೂಂಗ್, ಆಲ್ಫ್ರೆಡ್ ಆಡ್ಲರ್ ಈ ದಾರಿಯ ಮೊದಲ ಮೂವರು. ಮೂವರೂ ಒಂದು ಕಾಲಕ್ಕೆ ಜೊತೆಗಿದ್ದು ಆಮೇಲೆ ಬೇರೆಯಾದರು.

ಅರಿವಿಗೆ ಬಾರದ ಈ ಮನಸ್ಸಿಗೆ ಕನ್ನಡದಲ್ಲಿ ‘ಸುಪ್ತ ಮನಸ್ಸು’ ಅನ್ನುವ ಪದ ಓಡಾಡುತ್ತದೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಸುಪ್ತ ಅಂದರೆ ಮಲಗಿರುವುದು. ನಾವು ಮಲಗಿದ್ದರೂ ಆ ಮನಸ್ಸು ಎದ್ದೇ ಇರುತ್ತದೆ. ಹಾಗಾಗಿ ನಾನು ‘ಒಳಮನಸ್ಸು’ ಅನ್ನುತ್ತೇನೆ. ಅಜ್ಜಿಗೂ ಅರ್ಥವಾಗುವ ಮಾತು ಅದು.

ಬೆಂಗಳೂರಿನಲ್ಲಿ ಇದಕ್ಕೆ ಅಂತಲೇ ವಿಭಾಗ ಇದೆಯಾ?

ಆ ಹೆಸರಿನ ಫಲಕ ಹುಡುಕಿಕೊಂಡು ಹೋಗಬೇಡಿ. ಇಲ್ಲಿ ಪಿಎಚ್‌ಡಿ ಸಿಗುವುದು ಮನೋವಿಜ್ಞಾನದಲ್ಲಿ. ಆಳ ಮನೋವಿಜ್ಞಾನ ಅನ್ನುವುದು ನಿಮ್ಮ ವಿಷಯ ಮತ್ತು ನೋಡುವ ಕ್ರಮ ಅಷ್ಟೇ. ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಕ್ರೈಸ್ಟ್, ನಿಮ್ಹಾನ್ಸ್, ಹೀಗೆ ಹಲವು ಕಡೆ ಮನೋವಿಜ್ಞಾನ ವಿಭಾಗಗಳಿವೆ. ನಿಮ್ಹಾನ್ಸ್‌ನ ಒಲವು ಚಿಕಿತ್ಸೆ ಮತ್ತು ಕಾಯಿಲೆಯ ಕಡೆಗೆ. ಐಐಎಸ್ಸಿ ಆವರಣದ ನಿಯಾಸ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಪ್ರಜ್ಞೆಯ ಅಧ್ಯಯನ ನಡೆಯುತ್ತದೆ. ದೆಹಲಿಗೆ ಹೋಗಲು ಸಿದ್ಧವಿದ್ದರೆ ಅಂಬೇಡ್ಕರ್ ವಿಶ್ವವಿದ್ಯಾಲಯ ಮನೋವಿಶ್ಲೇಷಣೆಯ (ಫ್ರಾಯ್ಡ್ ಶುರುಮಾಡಿದ ದಾರಿ) ಒಲವಿಗೆ ಹೆಸರಾದದ್ದು.

ನಾನು ಹೇಳುವುದಿಷ್ಟೇ: ವಿಶ್ವವಿದ್ಯಾಲಯಕ್ಕಿಂತ ಮೊದಲು ಗೈಡ್ ಹುಡುಕಿ. ಅಂಕಿಅಂಶ ಇಲ್ಲದ ಸಂಶೋಧನೆಯನ್ನು ಸಂಶೋಧನೆ ಅಂತ ಒಪ್ಪುವ ಗೈಡ್ ಸಿಕ್ಕರೆ ಅರ್ಧ ಕೆಲಸ ಆದಂತೆ. ಹಾಗೆ ಒಪ್ಪದವರ ಹತ್ತಿರ ಸೇರಿದರೆ ಮೂರನೇ ವರ್ಷದಲ್ಲಿ ಪ್ರಶ್ನಾವಳಿ ಹಂಚಿಕೊಂಡು ಕೂತಿರುತ್ತೀರಿ.

ಮನೋವಿಜ್ಞಾನ ಬಿಟ್ಟು ಕನ್ನಡ ಅಥವಾ ಜಾನಪದ ವಿಭಾಗದಲ್ಲೂ ಈ ಕೆಲಸ ಮಾಡಬಹುದು. ಕಥೆ, ಹರಕೆ, ಆಚರಣೆ ನಿಮ್ಮ ವಿಷಯವಾಗಿದ್ದರೆ ಅದೇ ಒಳ್ಳೆಯ ದಾರಿ ಇರಬಹುದು.

ಯಾರು ಸೇರಬಹುದು? ಎಷ್ಟು ವರ್ಷ ಆಗುತ್ತದೆ?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ಇರುವವರಿಗೆ ಶೇ. 5ರಷ್ಟು ಸಡಿಲಿಕೆ ಇದೆ. ನಾಲ್ಕು ವರ್ಷದ ಪದವಿ ಓದಿದವರೂ ಶೇ. 75 ಇದ್ದರೆ ಅರ್ಜಿ ಹಾಕಬಹುದು. ಕೋರ್ಸ್ ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನದವರೆಗೆ ರಜೆ ಇದೆ. ಇದನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಹೇಳಿರುವುದೇ ಇಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕೆಲಸದಲ್ಲಿರುವವರು ಸಂಸ್ಥೆಯಿಂದ ಎನ್‌ಒಸಿ ತಂದರೆ ಪಾರ್ಟ್ ಟೈಮ್ ಮಾಡಬಹುದು. ವಯಸ್ಸಿನ ಬಗ್ಗೆ ಹೆದರಬೇಡಿ. ಈ ವಿಷಯಕ್ಕೆ ನಲವತ್ತೈದರ ಮೇಲೆ ಬಂದವರು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಆನ್‌ಲೈನ್‌ನಲ್ಲಿ ಮಾಡಬಹುದಾ? ವಿದೇಶದ್ದು?

ನಮ್ಮ ದೇಶದಲ್ಲಿ ಆನ್‌ಲೈನ್ ಅಥವಾ ದೂರಶಿಕ್ಷಣದ ಪಿಎಚ್‌ಡಿಗೆ ಯುಜಿಸಿ ಒಪ್ಪಿಗೆ ಇಲ್ಲ. ಯಾರಾದರೂ ಕೊಡಿಸುತ್ತೇವೆ ಅಂದರೆ ದುಡ್ಡು ಕೊಡಬೇಡಿ. ವಿದೇಶದಲ್ಲಾದರೆ ಕ್ಯಾಲಿಫೋರ್ನಿಯಾದ ಪೆಸಿಫಿಕಾ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಆಳ ಮನೋವಿಜ್ಞಾನ ಅನ್ನುವ ಹೆಸರಿನಲ್ಲೇ ಪಿಎಚ್‌ಡಿ ಇದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಮನೋವಿಶ್ಲೇಷಣೆಗೆ ಪ್ರತ್ಯೇಕ ವಿಭಾಗವೇ ಇದೆ. ಖರ್ಚು ಜಾಸ್ತಿ. ವಾಪಸ್ ಬಂದು ಇಲ್ಲಿ ಪಾಠ ಮಾಡುವ ಆಸೆ ಇದ್ದರೆ ಆ ಪದವಿಯನ್ನು ಇಲ್ಲಿ ಮಾನ್ಯ ಮಾಡುತ್ತಾರಾ ಅಂತ ಸೇರುವ ಮೊದಲೇ ವಿಚಾರಿಸಿ.

ಇದೆಲ್ಲ ಯುರೋಪಿನವರ ಮನಸ್ಸಿನ ಬಗ್ಗೆ ಅಲ್ವಾ? ನಮಗೆ ಹೇಗೆ ಹೊಂದುತ್ತದೆ?

ಒಳ್ಳೆಯ ಪ್ರಶ್ನೆ. ಇದನ್ನು ಕೇಳದೆ ಪಿಎಚ್‌ಡಿ ಮುಗಿಸಿದವರೂ ಇದ್ದಾರೆ.

ಮೊದಲು ಕೇಳಿದವರು ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್. ಅವರು 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡರು. ನಿಮ್ಮ ಸಿದ್ಧಾಂತ ಹೇಳುವ ‘ಲಿಂಗ ಕಳೆದುಕೊಳ್ಳುವ ಭಯ’ ನಮ್ಮ ರೋಗಿಗಳಲ್ಲಿ ಅಷ್ಟು ಬಲವಾಗಿ ಕಾಣುತ್ತಿಲ್ಲ ಅಂತ ಧೈರ್ಯವಾಗಿ ಬರೆದರು. ಫ್ರಾಯ್ಡ್ ಪೂರ್ತಿ ಒಪ್ಪಲಿಲ್ಲ. ಆದರೆ ಇಲ್ಲಿಯ ಒಳಮನಸ್ಸನ್ನು ಇಲ್ಲಿಯವರೇ ಕೇಳಿ ನೋಡಬೇಕು ಅನ್ನುವ ಮಾತು ಅಲ್ಲೇ ಶುರುವಾಯಿತು.

ನಮ್ಮ ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಕನ್ನಡದ ಜನಪದ ಕಥೆಗಳನ್ನು ಕೂಡಿಸಿದವರು. ಫ್ರಾಯ್ಡ್ ಆಧಾರ ಮಾಡಿಕೊಂಡ ಗ್ರೀಕ್ ಪುರಾಣದಲ್ಲಿ ಈಡಿಪಸ್ ಅಪ್ಪನನ್ನು ಕೊಲ್ಲುತ್ತಾನೆ. ನಮ್ಮ ಕಥೆಗಳಲ್ಲಿ ಹೆಚ್ಚಾಗಿ ಅಪ್ಪನೇ ಮಗನ ಮೇಲೆ ಬೀಳುತ್ತಾನೆ ಅನ್ನುವುದನ್ನು ಅವರು ತೋರಿಸಿದರು. ಯೋಚನೆ ಮಾಡಿ: ಯಯಾತಿ ಮಗನ ಯೌವನ ಕೇಳಿ ಪಡೆಯುತ್ತಾನೆ. ಶಿವ ಗಣಪತಿಯ ತಲೆ ತೆಗೆಯುತ್ತಾನೆ. ಮನೆಯಲ್ಲಿ ಅಪ್ಪನ ಎದುರು ಕೂರದೆ ಬೆಳೆದ ಗಂಡಸರ ಕನಸು ಕೇಳುವಾಗ ನನಗೆ ಇದು ತುಂಬ ಸಹಾಯ ಮಾಡಿತು.

ಯೂಂಗ್ 1937ರ ಕೊನೆಯಲ್ಲಿ ಭಾರತಕ್ಕೆ ಬಂದಿದ್ದರು. ಮೈಸೂರು ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಜೊತೆ ಮಾತಾಡಿದರು. ಕಲ್ಕತ್ತೆಯಲ್ಲಿ ರಕ್ತಭೇದಿಯಿಂದ ಮಲಗಿ ಚೇತರಿಸಿಕೊಳ್ಳುವಾಗ ಅವರಿಗೊಂದು ಕನಸು ಬಿತ್ತು. ಅದರಲ್ಲಿ ಕಾಳಿಯೂ ಇಲ್ಲ, ಬುದ್ಧನೂ ಇಲ್ಲ. ಇಂಗ್ಲೆಂಡಿನ ತೀರದ ಒಂದು ದ್ವೀಪ, ಕ್ರಿಶ್ಚಿಯನ್ ಪುರಾಣದ ಪವಿತ್ರ ಪಾತ್ರೆಯ ಹುಡುಕಾಟ. ನಿನ್ನ ಕೆಲಸ ನಿನ್ನ ನೆಲದಲ್ಲಿದೆ ಅಂತ ಕನಸು ಹೇಳಿತು ಎಂದು ಅವರು ಅರ್ಥ ಮಾಡಿಕೊಂಡರು. ನಮಗೂ ಅದೇ ಅನ್ವಯ ಆಗುತ್ತದೆ.

ನಮ್ಮ ಮನೆಗಳಲ್ಲಿ ಕನಸನ್ನು ಓದುವ ಕ್ರಮ ಆಗಲೇ ಇದೆ. ತೀರಿಹೋದ ಹಿರಿಯರು ಹಸಿದುಕೊಂಡು ಬಂದ ಹಾಗೆ ಕನಸು ಬಿದ್ದರೆ ಎಡೆ ಇಡಬೇಕು ಅನ್ನುತ್ತಾರೆ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ನನಗೆ ಇಂಥ ಕನಸುಗಳು ಜಾಸ್ತಿ ಸಿಕ್ಕವು. ಸಂಶೋಧಕರು ಇದನ್ನು ಮೂಢನಂಬಿಕೆ ಅಂತ ಬದಿಗೆ ಸರಿಸಬಾರದು, ಹಾಗಂತ ಹೌದಪ್ಪ ಅಂತ ತಲೆ ಆಡಿಸಲೂಬಾರದು. ಎಡೆ ಇಟ್ಟ ಮೇಲೆ ಕನಸು ಬಿದ್ದ ಮಗಳ ಎದೆಯಲ್ಲಿ ಏನು ಹಗುರಾಯಿತು ಅಂತ ಕೇಳಬೇಕು.

ಜನ ಮಾತಾಡುವುದು ಕನ್ನಡದಲ್ಲಿ, ಪ್ರಬಂಧ ಬರೆಯುವುದು ಇಂಗ್ಲಿಷ್‌ನಲ್ಲಿ. ಹೇಗೆ ನಿಭಾಯಿಸುವುದು?

ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಈ ಪುಟ ಬರೆಯಲು ಮುಖ್ಯ ಕಾರಣವೇ ಇದು.

ನಾನು ಮೊದಲ ಐದು ಸಂದರ್ಶನಗಳ ಧ್ವನಿ ಕೇಳಿಕೊಂಡು ನೇರವಾಗಿ ಇಂಗ್ಲಿಷ್‌ನಲ್ಲೇ ಬರೆದುಕೊಂಡೆ. ಸಮಯ ಉಳಿಯುತ್ತದೆ ಅಂದುಕೊಂಡೆ. ಅದರಲ್ಲಿ ಒಬ್ಬರು ಮಾಗಡಿ ರಸ್ತೆಯ ಕಡೆಯವರು, ಐವತ್ತು ದಾಟಿದವರು. ಅವರ ಅಪ್ಪ ಕುಡಿದು ಹೊಡೆಯುತ್ತಿದ್ದರು. ಸಂದರ್ಶನದ ಉದ್ದಕ್ಕೂ ‘ಅವನು ಬಂದ, ಅವನು ಹೊಡೆದ’ ಅಂತಲೇ ಮಾತಾಡಿದರು. ಕೊನೆಗೆ ಕನಸು ಹೇಳುವಾಗ ಮಾತು ಬದಲಾಯಿತು. ‘ಅಪ್ಪ ಬಂದ್ರು. ಏನೂ ಮಾತಾಡ್ಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಿದ್ರು.’

ಬಂದ ಅನ್ನುವುದು ಬಂದ್ರು ಆಯಿತು. ನಲವತ್ತು ವರ್ಷದ ಸಿಟ್ಟು ಇಳಿದದ್ದು ಆ ಒಂದು ಅಕ್ಷರದಲ್ಲಿ. ನನ್ನ ಇಂಗ್ಲಿಷ್ ಪ್ರತಿಯಲ್ಲಿ ಎರಡೂ ಒಂದೇ ಆಗಿತ್ತು. ಎಂಟು ತಿಂಗಳ ನಂತರ ಯಾವುದೋ ತಾರೀಕು ನೋಡಲು ಮತ್ತೆ ಆಡಿಯೋ ಕೇಳಿದಾಗ ಕಿವಿಗೆ ಬಿತ್ತು. ಆವತ್ತು ಕೂತು ಅತ್ತೆ. ಐದನ್ನೂ ಮೊದಲಿಂದ ಕನ್ನಡದಲ್ಲಿ ಬರೆದೆ.

ಕನ್ನಡದಲ್ಲಿ ಕನಸು ‘ಬೀಳುತ್ತದೆ’. ನಾವು ಮಾಡುವುದಲ್ಲ, ನಮ್ಮ ಮೇಲೆ ಬೀಳುವುದು. ಕೋಪ ಬರುತ್ತದೆ, ಅಳು ಬರುತ್ತದೆ, ನೆನಪಾಗುತ್ತದೆ. ಕರುಳು ಚುರ್ ಅನ್ನುತ್ತದೆ, ಎದೆ ಝಲ್ ಅನ್ನುತ್ತದೆ, ಹೊಟ್ಟೆ ಉರಿಯುತ್ತದೆ. ಇಂಗ್ಲಿಷ್‌ನಲ್ಲಿ ಬರೆದಾಗ ಎಲ್ಲದಕ್ಕೂ ‘ನಾನು’ ಮುಂದೆ ಬಂದು ನಿಲ್ಲುತ್ತದೆ. ಅಲ್ಲಿ ಬರಿಯ ದುಃಖ ಉಳಿಯುತ್ತದೆ, ಕರುಳು ಹೋಗಿಬಿಡುತ್ತದೆ. ನಮ್ಮ ಸಂಶೋಧನೆಯ ಜೀವ ಇರುವುದೇ ಅಲ್ಲಿ.

ಹಾಗಾಗಿ ನನ್ನ ಸಲಹೆ ಹೀಗಿದೆ. ಧ್ವನಿಯನ್ನು ಕನ್ನಡ ಲಿಪಿಯಲ್ಲೇ, ಅವರು ಆಡಿದ ಹಾಗೇ ಬರೆಯಿರಿ. ಮಂಡ್ಯದವರು ‘ಬಂದವ್ರೆ’ ಅಂದರೆ ‘ಬಂದಿದ್ದಾರೆ’ ಅಂತ ತಿದ್ದಬೇಡಿ. ಮೌನ ಎಷ್ಟು ಸೆಕೆಂಡ್ ಅಂತ ಗುರುತು ಹಾಕಿ. ವಿಶ್ಲೇಷಣೆಯನ್ನೂ ಕನ್ನಡ ಪಠ್ಯದ ಮೇಲೇ ಮಾಡಿ. ಅನುವಾದವನ್ನು ಕಟ್ಟಕಡೆಗೆ, ಉದಾಹರಿಸುವ ಸಾಲುಗಳಿಗೆ ಮಾತ್ರ ಮಾಡಿ. ಪ್ರಬಂಧದಲ್ಲಿ ಮೂಲ ಸಾಲು ಮೇಲೆ, ಇಂಗ್ಲಿಷ್ ಕೆಳಗೆ ಬರಲಿ. ಪರೀಕ್ಷಕರಿಗೆ ಕನ್ನಡ ಬರದಿದ್ದರೂ ಪರವಾಗಿಲ್ಲ. ಅಲ್ಲೊಂದು ಭಾಷೆ ಇದೆ ಅಂತ ಕಣ್ಣಿಗೆ ಕಾಣಬೇಕು.

ಪೂರ್ತಿ ಪ್ರಬಂಧವನ್ನೇ ಕನ್ನಡದಲ್ಲಿ ಬರೆಯುವ ಆಸೆ ಇದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ. ಮನೋವಿಜ್ಞಾನದಲ್ಲಿ ಅಂಥ ಪ್ರಬಂಧಗಳು ಹೆಚ್ಚಾಗಲಿ ಅನ್ನುವುದು ನನ್ನ ಮನಸಾರೆ ಬಯಕೆ.

ಎಷ್ಟು ಜನರನ್ನು ಮಾತಾಡಿಸಬೇಕು? ಯಾವ ವಿಧಾನ?

ನಾನು ಹದಿನಾಲ್ಕು ಜನರನ್ನು ಮಾತಾಡಿಸಿದೆ. ಇನ್ನೂ ಕಮ್ಮಿ ಇದ್ದಿದ್ದರೆ ಇನ್ನೂ ಆಳಕ್ಕೆ ಹೋಗಬಹುದಿತ್ತು ಅಂತ ಈಗ ಅನ್ನಿಸುತ್ತದೆ. ಜೊನಾಥನ್ ಸ್ಮಿತ್ 1990ರ ದಶಕದಲ್ಲಿ ರೂಪಿಸಿದ ಐಪಿಎ ಎಂಬ ವಿಧಾನ ಒಬ್ಬೊಬ್ಬರ ಅನುಭವವನ್ನು ಪೂರ್ತಿ ನೋಡಿ ಆಮೇಲೆ ಹೋಲಿಸುತ್ತದೆ. ಅಮೇಡಿಯೋ ಜಿಯೋರ್ಜಿ ಅವರದು ಅನುಭವವನ್ನು ಇದ್ದ ಹಾಗೆ ವಿವರಿಸುವ ಕ್ರಮ. ವೆಂಡಿ ಹಾಲ್ವೇ ಮತ್ತು ಟೋನಿ ಜೆಫರ್ಸನ್ ಅವರ ಕ್ರಮದಲ್ಲಿ ಸಂದರ್ಶನದಲ್ಲಿ ಮಾತು ಎಲ್ಲಿಗೆ ಹಾರುತ್ತದೆ, ಎಲ್ಲಿ ತಡವರಿಸುತ್ತದೆ ಅನ್ನುವುದೇ ಮುಖ್ಯ. ಆಳ ಮನೋವಿಜ್ಞಾನಕ್ಕೆ ನನಗೆ ಹತ್ತಿರ ಅನ್ನಿಸಿದ್ದು ಈ ಮೂರನೆಯದು. ಯಾವುದನ್ನೇ ಹಿಡಿದರೂ ಒಂದನ್ನೇ ಸರಿಯಾಗಿ ಹಿಡಿಯಿರಿ.

ನನ್ನದೇ ನೋವಿನ ಬಗ್ಗೆ ಸಂಶೋಧನೆ ಮಾಡಬಹುದಾ?

ಮಾಡಬಹುದು. ಈ ಕ್ಷೇತ್ರಕ್ಕೆ ಬರುವವರಲ್ಲಿ ತುಂಬ ಜನ ಹಾಗೇ ಬರುತ್ತಾರೆ. ನನ್ನ ಅಪ್ಪ ಹೋದ ಮೂರು ವರ್ಷಕ್ಕೆ ನಾನು ಸೇರಿದೆ. ಆದರೆ ಗಾಯ ಹಸಿಯಾಗಿರುವಾಗ ಬೇಡ.

ನನ್ನ ಒಂಬತ್ತನೇ ಸಂದರ್ಶನದಲ್ಲಿ ಒಬ್ಬ ಹುಡುಗ ತನ್ನ ತಂದೆಯ ಕೊನೆಯ ರಾತ್ರಿಯ ಬಗ್ಗೆ ಹೇಳಲು ಹೊರಟ. ಪ್ರತಿಸಲ ಅವನು ಐಸಿಯು ಅಂದ ಕೂಡಲೇ ನಾನು ಬೇರೆ ಪ್ರಶ್ನೆ ಕೇಳಿದ್ದೆ. ಮೂರು ಸಲ. ನನಗೆ ಗೊತ್ತೇ ಆಗಿರಲಿಲ್ಲ. ಗೈಡ್ ಆ ಪುಟಗಳನ್ನು ಓದಿ ಪೆನ್ಸಿಲ್‌ನಲ್ಲಿ ಮೂರು ಗೆರೆ ಎಳೆದರು. ‘ಇಲ್ಲಿ ಹೆದರಿದ್ದು ಯಾರಮ್ಮ?’ ಅಂತ ಮೆಲ್ಲಗೆ ಕೇಳಿದರು. ನಾನು ಅಪ್ಪನ ಕೊನೆಯ ರಾತ್ರಿ ಆಸ್ಪತ್ರೆಯಲ್ಲಿ ಇರಲಿಲ್ಲ. ಮನೆಗೆ ಬಂದು ಮಲಗಿದ್ದೆ.

ಆ ಹುಡುಗನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಮತ್ತೆ ಹೋಗಿ ಕೂತು ಪೂರ್ತಿ ಕೇಳಿದೆ. ಆ ಮೂರು ತಿರುವುಗಳ ಬಗ್ಗೆ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದೆ. ಎದುರಿನವರ ಮಾತು ನಮ್ಮೊಳಗೆ ಏನನ್ನು ಎಬ್ಬಿಸುತ್ತದೆ ಅನ್ನುವುದೂ ಇಲ್ಲಿ ಸಾಕ್ಷ್ಯವೇ. ಪ್ರತಿ ಸಂದರ್ಶನ ಆದ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ನಿಮಗೆ ಏನಾಯಿತು ಅಂತ ಬರೆಯಿರಿ. ತಲೆನೋವು ಬಂತಾ, ನಿದ್ದೆ ಬಂತಾ, ಸುಮ್ನೆ ಸಿಟ್ಟು ಬಂತಾ, ಎಲ್ಲ ಬರೆಯಿರಿ. ಸಾಧ್ಯವಾದರೆ ನೀವೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗಿ. ಕಡ್ಡಾಯ ಅಲ್ಲ, ಆದರೆ ನಾನು ಹೋಗದೇ ಇದ್ದಿದ್ದರೆ ಮುಗಿಸುತ್ತಿರಲಿಲ್ಲ.

ಎಥಿಕ್ಸ್ ಕಮಿಟಿಯಲ್ಲಿ ಏನು ಕೇಳುತ್ತಾರೆ?

ಸಂಶೋಧನೆಯಿಂದ ಜನರಿಗೆ ತೊಂದರೆ ಆಗದಂತೆ ನೋಡುವ ಸಮಿತಿ ಇದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು) 2017ರ ಮಾರ್ಗಸೂಚಿ ಓದಿಕೊಂಡು ಹೋಗಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಬೇಕು, ಗಟ್ಟಿಯಾಗಿ ಓದಿ ಹೇಳಿದರೆ ಅರ್ಥವಾಗುವಂತೆ ಇರಬೇಕು. ಮಧ್ಯದಲ್ಲಿ ನಿಲ್ಲಿಸುವ ಹಕ್ಕು ಅವರದು. ಮಾತಾಡುತ್ತಾ ಯಾರಾದರೂ ಕುಸಿದರೆ ಏನು ಮಾಡುತ್ತೀರಿ ಅಂತ ಖಂಡಿತ ಕೇಳುತ್ತಾರೆ. ಹತ್ತಿರದ ಆಪ್ತಸಮಾಲೋಚಕರ ಹೆಸರು ಮೊದಲೇ ಗೊತ್ತಿರಲಿ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಆ ನಂಬರ್ ಬರೆದ ಚೀಟಿಯನ್ನು ನಾನು ಎಲ್ಲರಿಗೂ ಕೊಟ್ಟು ಬರುತ್ತಿದ್ದೆ.

ಕಮಿಟಿ ಕೇಳದ ಒಂದು ಕಷ್ಟ ಹೇಳುತ್ತೇನೆ. ಬೆಂಗಳೂರಿನ ಎರಡು ರೂಮಿನ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗ ಎಲ್ಲಿದೆ? ಹಾಲ್‌ನಲ್ಲಿ ಅತ್ತೆ ಟಿ.ವಿ. ನೋಡುತ್ತಿರುತ್ತಾರೆ. ಕಾಫಿ ಕೊಡಲು ಬಂದವರು ಅಲ್ಲೇ ಕೂರುತ್ತಾರೆ. ಸೊಸೆ ತನ್ನ ತವರಿನ ಅಪ್ಪನ ಬಗ್ಗೆ ಹೇಗೆ ಮಾತಾಡಬೇಕು? ಅದಕ್ಕೆ ನಾನು ಪರಿಚಯದ ಒಬ್ಬರ ಟ್ಯೂಷನ್ ರೂಮನ್ನು ಮಧ್ಯಾಹ್ನದ ಹೊತ್ತು ಕೇಳಿ ಪಡೆದೆ. ಹೆಸರು ಬದಲಿಸಿದರೂ ಸಾಲದು. ಊರು, ಜಾತಿ, ಕೆಲಸ, ಬೀದಿ ನಾಲ್ಕೂ ಹೇಳಿದರೆ ಗುರುತು ಹಿಡಿಯುತ್ತಾರೆ. ಎರಡನ್ನಾದರೂ ಬಿಟ್ಟುಬಿಡಿ.

ಮೈಮೇಲೆ ದೇವರು ಬರುವುದು, ದೆವ್ವ ಹಿಡಿಯುವುದು, ಇವನ್ನು ವಿಷಯವಾಗಿ ತೆಗೆದುಕೊಳ್ಳಬಹುದಾ?

ಖಂಡಿತ. ಆದರೆ ಅದು ನಿಜವೋ ಸುಳ್ಳೋ ಅಂತ ತೀರ್ಪು ಕೊಡಲು ಹೋಗಬೇಡಿ. ಬಂದಾಗ ಆ ವ್ಯಕ್ತಿಗೆ ಏನಾಗುತ್ತದೆ, ಇಳಿದ ಮೇಲೆ ಏನು ಉಳಿಯುತ್ತದೆ, ಮನೆಯವರು ಹೇಗೆ ನೋಡುತ್ತಾರೆ ಅಂತ ಕೇಳಿ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿ ಕೂಡ ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬರುವುದನ್ನು ಕಾಯಿಲೆ ಅನ್ನುವುದಿಲ್ಲ. ಬೆಂಗಳೂರು ಕರಗದ ರಾತ್ರಿ ಧರ್ಮರಾಯನ ಗುಡಿಯ ಹತ್ತಿರ ನಿಂತು ನೋಡಿ. ಕರಗ ಹೊರುವವರು ಎಷ್ಟು ದಿನ ವ್ರತ ಹಿಡಿದಿರುತ್ತಾರೆ, ತಿಗಳ ಸಮುದಾಯ ಅವರನ್ನು ಹೇಗೆ ಕಾಯುತ್ತದೆ ಅಂತ ತಿಳಿದುಕೊಂಡರೆ ‘ಕಾಯಿಲೆ’ ಅನ್ನುವ ಪದ ಬಾಯಿಗೆ ಬರುವುದಿಲ್ಲ. ಹಾಗೇ, ಯಾರನ್ನಾದರೂ ಹೊಡೆದು ಬಡಿದು ದೆವ್ವ ಬಿಡಿಸುತ್ತಿದ್ದರೆ ನೋಟ್‌ಬುಕ್ ಮುಚ್ಚಿ ಮೊದಲು ಅವರಿಗೆ ಸಹಾಯ ಮಾಡಿ.

ಇದು ವಿಜ್ಞಾನನಾ?

ಕನಸಿಗೆ ಇದೇ ಅರ್ಥ ಅಂತ ಪ್ರಯೋಗಶಾಲೆಯಲ್ಲಿ ಸಾಬೀತು ಮಾಡಲು ಆಗುವುದಿಲ್ಲ. ತಪ್ಪು ಅಂತ ತೋರಿಸಲೂ ದಾರಿ ಇಲ್ಲ ಅನ್ನುವ ಕಾರಣಕ್ಕೆ ತತ್ವಜ್ಞಾನಿ ಕಾರ್ಲ್ ಪಾಪರ್ ಫ್ರಾಯ್ಡ್ ಅವರನ್ನು ಟೀಕಿಸಿದರು. ಆ ಟೀಕೆಯಲ್ಲಿ ಹುರುಳಿದೆ. 1953ರಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ರೆಮ್ ನಿದ್ದೆಯನ್ನು (ಕಣ್ಣುಗುಡ್ಡೆ ಸರಸರ ಆಡುವ, ಕನಸು ಹೆಚ್ಚಾಗಿ ಬೀಳುವ ನಿದ್ದೆ) ಗುರುತಿಸಿದ ಮೇಲೆ ಕನಸಿನ ಮೆದುಳಿನ ಕಡೆಯೂ ಬಹಳ ಗೊತ್ತಾಗಿದೆ. ಅದನ್ನೂ ಓದಿಕೊಳ್ಳಿ. ಆದರೆ ಅಪ್ಪ ಬಾಗಿಲಲ್ಲಿ ನಿಂತ ಕನಸು ಆ ಮಗನಿಗೆ ಏನು ಮಾಡಿತು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಅವನನ್ನೇ ಕೇಳಬೇಕು. ಶಿಸ್ತಿನಿಂದ ಕೇಳಿ, ಎಲ್ಲವನ್ನೂ ತೋರಿಸಿ, ನಿಮಗಿಂತ ಬೇರೆ ಓದು ಸಾಧ್ಯ ಅಂತ ಒಪ್ಪಿದರೆ ಅದು ಪ್ರಾಮಾಣಿಕ ಜ್ಞಾನ.

ಪಿಎಚ್‌ಡಿ ಆದ ಮೇಲೆ ಚಿಕಿತ್ಸೆ ಕೊಡಬಹುದಾ?

ಇಲ್ಲ. ಹೆಸರಿನ ಮುಂದೆ ಡಾ. ಬರುತ್ತದೆ, ಅಷ್ಟೇ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ನಿಮ್ಮ ಆಸೆ ಅದೇ ಆಗಿದ್ದರೆ ಆ ದಾರಿಯನ್ನೇ ಹಿಡಿಯಿರಿ.

ಮನೆಯಲ್ಲಿ ‘ಇದರಿಂದ ಹೊಟ್ಟೆ ತುಂಬುತ್ತಾ’ ಅಂತ ಕೇಳುತ್ತಾರೆ. ಏನು ಹೇಳಲಿ?

ಅವರು ಕೇಳುವುದರಲ್ಲಿ ತಪ್ಪಿಲ್ಲ. ಜೆಆರ್‌ಎಫ್ (ಯುಜಿಸಿ ಕೊಡುವ ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000. ಅದಕ್ಕೆ ನೆಟ್ ಪರೀಕ್ಷೆಯನ್ನು ಗಂಭೀರವಾಗಿ ಬರೆಯಿರಿ. ಮುಗಿಸಿದ ಮೇಲೆ ಕಾಲೇಜಿನಲ್ಲಿ ಪಾಠ, ಸಂಶೋಧನಾ ಸಂಸ್ಥೆಗಳು, ಆರೈಕೆ ಕೇಂದ್ರಗಳಲ್ಲಿ ತರಬೇತಿ ಕೊಡುವ ಕೆಲಸ ಇದೆ. ದಿಢೀರ್ ಅಂತ ಸಿಗುವುದಿಲ್ಲ. ಫೆಲೋಶಿಪ್ ಇಲ್ಲದಿದ್ದರೆ ಕೆಲಸ ಬಿಡಬೇಡಿ.

ಓದಲು ಪುಸ್ತಕ, ಹಳೆಯ ಪ್ರಬಂಧ ಎಲ್ಲಿ ಸಿಗುತ್ತವೆ?

ಶೋಧಗಂಗಾ ಜಾಲತಾಣದಲ್ಲಿ ದೇಶದ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ನಿಮ್ಮ ಗೈಡ್ ಆಗಬಹುದಾದವರ ವಿದ್ಯಾರ್ಥಿಗಳ ಪ್ರಬಂಧಗಳನ್ನು ಮೊದಲು ಅಲ್ಲಿ ಓದಿ. ಪುರಾಣ, ಆಚರಣೆಗಳ ಹಳೆಯ ಬರಹಕ್ಕೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಗ್ರಂಥಾಲಯ ನನಗೆ ಎರಡನೇ ಮನೆ ಆಗಿತ್ತು. ಬಸವನಗುಡಿಯ ವರ್ಲ್ಡ್ ಕಲ್ಚರ್ ಗ್ರಂಥಾಲಯಕ್ಕೂ ಹೋಗಿ. ಕನ್ನಡದಲ್ಲಿ ಮನಸ್ಸಿನ ಬಗ್ಗೆ ಹೇಗೆ ಸರಳವಾಗಿ ಬರೆಯಬಹುದು ಅಂತ ಕಲಿಯಲು ಡಾ. ಎಂ. ಶಿವರಾಂ ಮತ್ತು ಡಾ. ಸಿ.ಆರ್. ಚಂದ್ರಶೇಖರ್ ಅವರ ಬರಹ ಓದಿ.

ಗೈಡ್‌ಗೆ ಮೊದಲ ಇಮೇಲ್‌ನಲ್ಲಿ ಏನು ಬರೆಯಲಿ?

ಅರ್ಧ ಪುಟ ಸಾಕು. ‘ಯೂಂಗ್ ಅವರ ಸಿದ್ಧಾಂತದಲ್ಲಿ ಆಸಕ್ತಿ’ ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾರ ಅನುಭವ, ಯಾವ ಅನುಭವ, ಅದು ನಿಮ್ಮನ್ನು ಯಾಕೆ ಬಿಡುತ್ತಿಲ್ಲ, ಅಷ್ಟು ಬರೆಯಿರಿ. ಅವರ ಒಂದು ಲೇಖನ ಓದಿ ಅದರ ಬಗ್ಗೆ ಎರಡು ಸಾಲು ಸೇರಿಸಿ. ಎರಡು ವಾರ ಕಾದು ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಆಗಲೂ ಬರದಿದ್ದರೆ ವಿಭಾಗದ ಕಚೇರಿಯಲ್ಲಿ ಅವರು ಸಿಗುವ ಹೊತ್ತು ಕೇಳಿಕೊಂಡು ಹೋಗಿ, ಆ ಅರ್ಧ ಪುಟವನ್ನು ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು.